ಮೊದಲ ಒಬ್ಬೆ

ಇನ್ನೂರು ಮೈಕ್ರೊಲೀಟರ್ ಹಿಡಿಸುವ ಒಂದು ಬಟ್ಟಲು,
ಪಕ್ಕದಲ್ಲಿ ಅಂಥದೇ ಇನ್ನೊಂದು, ಅದರಲ್ಲಿ ಬರೀ ನೀರು.
ಎರಡರ ಬಿಸಿಯೂ ಸದಾ ಒಂದೇ ಇರಬೇಕು.
ಯಂತ್ರದ ಬದುಕೇ ಇಷ್ಟು,
ಅಕ್ಕತಂಗಿಯರ ತಟ್ಟೆ ನೋಡಿ ನೋಡಿ ಬಡಿಸುವ ತಾಯಿಯ ಹಾಗೆ.

ತೋಳಹುಣಸೆಯಲ್ಲಿ ಬಸ್ಸಿಳಿದು
ಈ ಕೋಣೆಗೆ ಬರುವಾಗ
ನನ್ನ ದುಪಟ್ಟಾದಲ್ಲಿ ಇನ್ನೂ ಭತ್ತದ ಹೊಟ್ಟಿನ ಹೊಗೆ.
ಓಬಳೇಶ್ ಸರ್ ಏನೂ ಅನ್ನುವುದಿಲ್ಲ.
ಒಮ್ಮೆ ಮಾತ್ರ ಕೇಳಿದ್ದರು, ‘ಮಂಡಕ್ಕಿ ಭಟ್ಟಿ ಹತ್ರ ಮನೆನಾ?’
‘ಹತ್ರ ಅಲ್ಲ ಸರ್, ಭಟ್ಟಿನೇ ಮನೆ.’

ಬಟ್ಟಲಲ್ಲಿ ಪ್ರೋಟೀನು.
ನಿನ್ನೆ ರಾತ್ರಿಯೆಲ್ಲ ತೊಳೆದು ಅದರ ಹಳೆಯ ಸತುವನ್ನು ಬಿಡಿಸಿದ್ದೇನೆ.
ಹರಳು ಬಿದ್ದ ಮೂಗುತಿಯ ಹಾಗಿದೆ ಈಗ,
ಕುಂದಣದ ಗುಳಿ ಮಾತ್ರ.
ಸೂಜಿಯಲ್ಲಿ ಸತುವಿನ ಅಯಾನು,
ಒಂದೊಂದೂ ಆರಾರು ನೀರನ್ನು ಮೈಗೆ ಬಿಗಿದುಕೊಂಡಿದೆ.
ಎರಡೂವರೆ ನಿಮಿಷಕ್ಕೊಂದು ಹನಿ.
ಹತ್ತೊಂಬತ್ತು ಹನಿ.

ನನ್ನ ಅವ್ವ ಹುಸೇನಮ್ಮನ ಬೆರಳಿಗೆ ಈಗ ಬಿಸಿ ತಿಳಿಯುವುದಿಲ್ಲ.
ಮೂವತ್ತು ವರ್ಷ ಕಾದ ಮರಳಿನ ಮುಂದೆ ಕೂತವಳು
ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಲಿ ಇಳಿಸುತ್ತಾಳೆ,
ಆಮೇಲೆ ಎಲ್ಲಿ ಸುಟ್ಟಿತೆಂದು ನಾನು ಹುಡುಕಬೇಕು.
ಇಲ್ಲಿ ಈ ಯಂತ್ರ
ಕ್ಯಾಲೊರಿಯ ಕೋಟಿಯಲ್ಲೊಂದು ಪಾಲಿಗೂ ಬೆಚ್ಚುತ್ತದೆ.
ಕಾರಿಡಾರಿನಲ್ಲಿ ಯಾರೋ ಬಾಗಿಲು ಬಡಿದರೆ ಗೀಟು ನಡುಗುತ್ತದೆ.
ಮಧ್ಯಾಹ್ನ ಕರೆಂಟು ಹೋಗಿ ಇನ್ವರ್ಟರ್ ಹತ್ತಿದಾಗ
ತೆರೆಯ ಮೇಲೊಂದು ಮುಳ್ಳು.
ಅಷ್ಟು ಚುರುಕಿನಲ್ಲಿ ಒಂದು ಚಿಟಿಕೆ
ಅವ್ವನ ಕೈಗೆ ಬಂದಿದ್ದರೆ.

ಕೂಡಿದರೆ ಬಿಸಿ ಬಿಡಬೇಕು, ಗೀಟು ಕೆಳಗಿಳಿಯಬೇಕು
ಎಂದು ಎಂ.ಎಸ್ಸಿಯಲ್ಲಿ ಬರೆದು ಅಂಕ ಪಡೆದವಳು ನಾನು.
ಇದು ಮೇಲಕ್ಕೆ ಹೋಯಿತು.
ಹನಿ ಬಿತ್ತು, ಬಟ್ಟಲು ತಣ್ಣಗಾಯಿತು,
ಯಂತ್ರ ಓಡಿ ಬಂದು ಬಿಸಿ ಬಡಿಸಿತು.
ಬಫರ್ ಬದಲಿಸಿದೆ. ಗುಳ್ಳೆ ತೆಗೆದೆ.
ಬರೀ ಬಫರಿಗೆ ಹನಿಸಿ ಆ ಲೆಕ್ಕ ಕಳೆದೆ.
ಮೂರನೇ ಸಲವೂ ಮೇಲಕ್ಕೇ,
ಗುಡ್ಡ, ಗುಡ್ಡ, ಕಿರಿದಾಗುತ್ತಾ ಗುಡ್ಡ, ಕೊನೆಗೆ ಬಯಲು.
ಗುಳಿಗಳೆಲ್ಲ ತುಂಬಿದ್ದವು.

ಓಬಳೇಶ್ ಸರ್ ಕನ್ನಡಕ ಹಣೆಗೇರಿಸಿ ನೋಡಿದರು.
‘ತಪ್ಪಿಲ್ಲ ಬಿಡು. ಬಿಸಿಗಾಗಿ ಕೂಡಿದ್ದಲ್ಲ ಇದು.
ಹೊರಟುಹೋದ ನೀರನ್ನ ಎಣಿಸಿದ್ಯಾ?’

ಎಣಿಸಿದೆ.
ಸತುವಿನ ಮೈಯಿಂದ ಬಿಟ್ಟವು,
ಗುಳಿಯ ಗೋಡೆಗೆ ಆತು ನಿಂತಿದ್ದವು ಇನ್ನೆಷ್ಟೋ,
ಇಷ್ಟು ಹೊತ್ತು ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು ಒಮ್ಮೆಗೇ
ಈದ್ಗಾದ ಸಾಲು ಮುರಿದು
ಚಪ್ಪಲಿ ಹುಡುಕುವ ಮಂದಿಯ ಹಾಗೆ ಚೆದುರಿದವು.
ಚೆದುರಿದ್ದೇ ಬೆಲೆ ಕೊಟ್ಟಿತು, ತಣ್ಣಗಾದ ಬಟ್ಟಲಿನ ಸಾಲ ತೀರಿಸಿ
ಮೇಲೊಂದಿಷ್ಟು ಉಳಿಸಿತು.
ಎರಡು ಕೂಡುವುದಕ್ಕೆ
ಅಷ್ಟೊಂದು ಬಿಡುಗಡೆಯಾಗಬೇಕಿತ್ತು.

ರಾತ್ರಿ ಅವ್ವನಿಗೆ ಹೇಳಿದೆ. ಜರಡಿ ಕೊಡವುತ್ತಾ ಕೇಳಿದಳು,
ಕೇಳಿದಳೋ ಇಲ್ಲವೋ, ಕೊನೆಗೆ ಅಂದಳು,
‘ಅಕ್ಕಿನೂ ಅಷ್ಟೇ ತಗ, ಒಳಗಿನ ನೀರು ಹಾರಿದ್ರೇನೇ ಅರಳೋದು.’
ಅದು ಬೇರೆ ಅವ್ವಾ,
ಅಲ್ಲಿ ಏನೂ ಕೂಡುವುದಿಲ್ಲ ಎಂದೆ.
‘ನಿನ್ನ ಫೀಸು ಕೂಡ್ತಲ್ಲ’ ಅಂದಳು.

ಬೆಳಗಿನ ನಾಲ್ಕಕ್ಕೆ ಭಟ್ಟಿ ಹತ್ತಿತು.
ಮೊದಲ ಒಬ್ಬೆ ಯಾವತ್ತೂ ಅರ್ಧ ಅರಳಿ ಅರ್ಧ ಕರಿಕು.
ಮರಳು ಇನ್ನೂ ಹದಕ್ಕೆ ಬಂದಿರುವುದಿಲ್ಲ.
ಅವ್ವ ಅದನ್ನು ಮೊರಕ್ಕೆ ತೆಗೆದು
ಗೋಡೆಯಾಚೆ ಕೋಳಿಗಳಿಗೆ ಎರಚುತ್ತಾಳೆ, ಚೀಲದ ಲೆಕ್ಕಕ್ಕೆ ಸೇರಿಸುವುದಿಲ್ಲ.

ನಾನೂ ಮೊದಲ ಹನಿಯನ್ನು ಅಳಿಸುತ್ತೇನೆ.
ಎಲ್ಲರೂ ಅಳಿಸುತ್ತಾರೆ. ಸೂಜಿಯ ತುದಿಯಲ್ಲಿ ಕಾಯುತ್ತಾ ಕಾಯುತ್ತಾ
ಅದರ ಸತು ಆಗಲೇ ಸೋರಿ,
ಹೇಳದೆ ಕೇಳದೆ ಒಂದಷ್ಟು ಕೂಡಿಬಿಟ್ಟಿರುತ್ತದೆ.
ಗ್ರಾಫಿನಲ್ಲಿ ಅದಕ್ಕೆ ಜಾಗವಿಲ್ಲ.
ಬಟ್ಟಲಲ್ಲಿ ಇದೆ.